ಗರ್ಶ್ವಿನ್ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಮೊದಲ ಬಾರಿಗೆ ಬೆರೆತ ಕಾಲವನ್ನು ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಗಟ್ಟಿಯಾಗಿರುವುದರಿಂದ, ತಿದ್ದಿ ಕಳುಹಿಸಬೇಕೆಂದು ಕೋರುತ್ತೇನೆ.

ನ್ಯೂಯಾರ್ಕಿನ ಇಯೋಲಿಯನ್ ಸಭಾಂಗಣದಲ್ಲಿ 1924ರ ಫೆಬ್ರವರಿ 12ರಂದು ಪಾಲ್ ವೈಟ್‌ಮನ್ ವಾದ್ಯವೃಂದದೊಡನೆ ಅಮೆರಿಕದ ಸಂಯೋಜಕ ಜಾರ್ಜ್ ಗರ್ಶ್ವಿನ್ ಪಿಯಾನೊದಲ್ಲಿ ನುಡಿಸಿದ ‘ರಾಪ್ಸೊಡಿ ಇನ್ ಬ್ಲೂ’ ಈ ಬಗೆಯ ಮೊಟ್ಟಮೊದಲ ಕೃತಿ ಎನ್ನುತ್ತೀರಿ. ಅದು ಸರಿಯಲ್ಲ. 1922ರಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಜಾಝ್ ಕೇಳಿದ್ದ ಫ್ರೆಂಚ್ ಸಂಯೋಜಕ ದಾರಿಯುಸ್ ಮಿಯೊ ಅವರ ‘ಲಾ ಕ್ರೆಯಾಸಿಯೊಂ ದ್ಯು ಮೋಂದ್’ ಎಂಬ ಬ್ಯಾಲೆ 1923ರ ಅಕ್ಟೋಬರ್‌ನಲ್ಲೇ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದಿತ್ತು. ಅದರಲ್ಲಿ ವಯೋಲಾ ಇರಬೇಕಾದ ಜಾಗದಲ್ಲಿ ಸ್ಯಾಕ್ಸೊಫೋನ್ ಇದೆ. ಬ್ಲೂಸ್ ಛಾಯೆಯ ಸ್ವರಪಂಕ್ತಿಯೊಂದನ್ನು ಡಬಲ್ ಬಾಸ್ ಎತ್ತಿಕೊಂಡು, ಫ್ಯೂಗಿನ (ಒಂದೇ ಸ್ವರಪಂಕ್ತಿಯನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಶಾಸ್ತ್ರೀಯ ರಚನೆಯ) ಕಟ್ಟುನಿಟ್ಟಿನ ಕ್ರಮದಲ್ಲಿ ಉಳಿದ ವಾದ್ಯಗಳಿಗೆ ದಾಟಿಸುತ್ತದೆ. ಈ ತಪ್ಪಿಗಿಂತ ದೊಡ್ಡ ಕೊರತೆಯೆಂದರೆ, ಜಾಝ್ ಕುರಿತ ಇಷ್ಟುದ್ದದ ಲೇಖನದಲ್ಲಿ ಕಪ್ಪು ಸಂಗೀತಗಾರರ ಒಂದು ಹೆಸರೂ ಇಲ್ಲ. ಜೇಮ್ಸ್ ಪಿ. ಜಾನ್ಸನ್ ಅವರ ‘ಯಾಮೆಕ್ರಾ’ 1928ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ, ವಿಲಿಯಂ ಗ್ರಾಂಟ್ ಸ್ಟಿಲ್ ಅವರ ‘ಆಫ್ರೋ-ಅಮೆರಿಕನ್ ಸಿಂಫನಿ’ 1931ರಲ್ಲಿ ರೋಚೆಸ್ಟರ್‌ನಲ್ಲಿ ನುಡಿದವು. ಇವರನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತದೆ.

ನೀವು ಬಳಸಿರುವ ‘ಅಲೌಕಿಕ’, ‘ರೋಮಾಂಚಕ’ ಎಂಬ ವಿಶೇಷಣಗಳಿಂದ ಓದುಗನ ಕಿವಿಗೆ ಏನೂ ಕೇಳಿಸುವುದಿಲ್ಲ. ರಾಪ್ಸೊಡಿಯ ಆರಂಭವನ್ನೇ ನೋಡಿ: ಗರ್ಶ್ವಿನ್ ಬರೆದದ್ದು ಕ್ಲಾರಿನೆಟ್ ಬಿಡಿಬಿಡಿಯಾಗಿ ಏರಬೇಕಾದ ಸ್ವರಗಳ ಸಾಲು, ತಾಲೀಮಿನಲ್ಲಿ ವೃಂದದ ಕ್ಲಾರಿನೆಟ್ ವಾದಕ ರಾಸ್ ಗೋರ್ಮನ್ ತಮಾಷೆಗೆಂದು ಅದನ್ನು ಒಂದೇ ಜಾರಿನಲ್ಲಿ ಎಳೆದು ನುಡಿಸಿದಾಗ, ಹಾಗೆಯೇ ಇರಲಿ ಎಂದವರು ಸಂಯೋಜಕರೇ. ಬರೆದ ಸ್ವರಕ್ಕೂ ವಾದಕನ ಮನೋಧರ್ಮಕ್ಕೂ ನಡೆದ ಈ ಕೊಡುಕೊಳ್ಳುವಿಕೆಯೇ ನಿಮ್ಮ ವಿಷಯದ ತಿರುಳು. ಪಿಯಾನೊ ಭಾಗವನ್ನು ಪೂರ್ತಿ ಬರೆದಿಡದೆಯೇ ಗರ್ಶ್ವಿನ್ ವೇದಿಕೆ ಏರಿದ್ದರು. ಅವರು ತಲೆಯಾಡಿಸುವವರೆಗೆ ಕಾಯಬೇಕೆಂಬ ಸೂಚನೆ ವೈಟ್‌ಮನ್ನರ ಸ್ವರಲಿಪಿಯಲ್ಲಿತ್ತು. ವೃಂದದ ಯಾವ ವಾದ್ಯ ಏನು ನುಡಿಸಬೇಕೆಂದು ಹಂಚಿ ಬರೆದುಕೊಟ್ಟವರು ಫರ್ಡಿ ಗ್ರೋಫೆ, ಅವರ ಪ್ರಸ್ತಾಪವೇ ನಿಮ್ಮಲ್ಲಿಲ್ಲ. ರಾಪ್ಸೊಡಿಯನ್ನು ನೀವು ಜುಗಲ್‌ಬಂದಿಗೆ ಹೋಲಿಸಿರುವುದನ್ನು ದಯವಿಟ್ಟು ಕೈಬಿಡಿ. ಇಲ್ಲಿ ಮನೋಧರ್ಮಕ್ಕೆ ಎಡೆಯಿದ್ದದ್ದು ಮುಖ್ಯವಾಗಿ ಪಿಯಾನೊಗೆ, ವೃಂದವು ನುಡಿಸಿದ್ದು ಬರೆದುಕೊಟ್ಟದ್ದನ್ನು.

ಸಂಗೀತದ ಸಾರ್ವತ್ರಿಕತೆಯನ್ನು ಕೊಂಡಾಡುವ ಪೀಠಿಕೆಯನ್ನು ಪೂರ್ತಿ ತೆಗೆದು, ಆ ಕ್ಲಾರಿನೆಟ್‌ನಿಂದಲೇ ಲೇಖನವನ್ನು ಆರಂಭಿಸಿ. ಅದಕ್ಕೂ ಮೊದಲು, ಗ್ರೋಫೆ 1942ರಲ್ಲಿ ದೊಡ್ಡ ಸಿಂಫನಿ ವೃಂದಕ್ಕೆ ಹೊಂದಿಸಿದ ರೂಪವನ್ನಲ್ಲ, ಗರ್ಶ್ವಿನ್ ಮತ್ತು ಗೋರ್ಮನ್ ಇಬ್ಬರೂ ನುಡಿಸಿರುವ 1924ರ ಧ್ವನಿಮುದ್ರಣವನ್ನು ಕೇಳಿ.

ಇಂತಿ,
ಸಂಪಾದಕ