ಆಲ್ಫಾಫೋಲ್ಡ್ ಬಂದ ಮೇಲೆ ಸ್ಟ್ರಕ್ಚರಲ್ ಬಯಾಲಜಿಯಲ್ಲಿ ಇನ್ನೇನು ಕೆಲಸ ಉಳಿದಿದೆ?

ನೀವು ಕೇಳಿದ್ದು ಇಷ್ಟು. ನಿಮ್ಮ ತಮ್ಮ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾರೆ. ಪ್ರೋಟೀನ್‌ಗಳ ಆಕಾರದ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಿದ್ದಾರೆ. ಆದರೆ ಅದನ್ನೆಲ್ಲ ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ, ಅಂದರೆ ಪ್ರೋಟೀನಿನ ಆಕಾರ ಊಹಿಸುವ ಕಂಪ್ಯೂಟರೇ ಮಾಡಿ ಮುಗಿಸಿದೆಯಂತೆ, ನೊಬೆಲ್ ಕೂಡ ಬಂತಂತೆ. ಹಾಗಾದರೆ ಇವರು ಐದು ವರ್ಷ ಲ್ಯಾಬಿನಲ್ಲಿ ಕೂತು ಏನು ಮಾಡಬೇಕು?

ನಾನು ಇದೇ ಕೆಲಸದಲ್ಲಿ ಪಿಎಚ್.ಡಿ. ಮಾಡಿದವನು. ಒಂದು ಬ್ಯಾಕ್ಟೀರಿಯಾದ ಕಿಣ್ವದ ಹಿಂದೆ ಬಿದ್ದಿದ್ದೆ. ಆಲ್ಫಾಫೋಲ್ಡ್ ನನ್ನ ಥೀಸಿಸ್ ಉಳಿಸಿತು. ಅದೇ ಆಲ್ಫಾಫೋಲ್ಡ್ ಮುಖ್ಯವಾದ ಜಾಗದಲ್ಲಿ ಕೈಕೊಟ್ಟಿತು. ಎರಡನ್ನೂ ಹೇಳುತ್ತೇನೆ.

ಪ್ರೋಟೀನಿನ ಆಕಾರ ನೋಡಬೇಕೆಂದರೆ ಹಳೆಯ ದಾರಿ ಹರಳು ಬೆಳೆಸುವುದು. ಕಲ್ಲುಸಕ್ಕರೆ ತಾನಾಗಿ ಹರಳಾಗುತ್ತದೆ, ಪ್ರೋಟೀನ್ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಒಂದು ಮೈಕ್ರೋಲೀಟರ್ ಪ್ರೋಟೀನಿಗೆ ಒಂದು ಮೈಕ್ರೋಲೀಟರ್ ಉಪ್ಪಿನದೋ ಪಾಲಿಮರಿನದೋ ದ್ರಾವಣ ಸೇರಿಸಿ, ಗಾಳಿಯಾಡದ ಹಾಗೆ ಮುಚ್ಚಿ, ಕಾಯಬೇಕು. ಇಂಥ ನೂರಾರು ಹನಿ ಇಡುತ್ತೇವೆ. ದಿನಾ ಬೆಳಿಗ್ಗೆ ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ಏನೂ ಇಲ್ಲ, ವಾಪಸ್ ಬರುವುದು. ಒಂದು ದಿನ ಮಿರಿಮಿರಿ ಹೊಳೆಯುವ ಹರಳು ಕಂಡಿತು. ಲ್ಯಾಬಿನವರಿಗೆಲ್ಲ ಟೀ ಕೊಡಿಸಿದೆ. ಸಂಜೆ ಸೂಜಿಯಿಂದ ಒತ್ತಿ ನೋಡಿದರೆ ಚಟಕ್ ಅಂತು. ಉಪ್ಪು! ನಿಜವಾದ ಪ್ರೋಟೀನ್ ಹರಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ, ಮುಟ್ಟಿದರೆ ಮೆತ್ತಗೆ ಚೂರಾಗುತ್ತದೆ.

ಎರಡು ವರ್ಷದ ಮೇಲೆ ಅಸಲಿ ಹರಳು ಸಿಕ್ಕಿತು. ಎಕ್ಸ್-ರೇ ಹಾಯಿಸಿದೆವು, ಒಳ್ಳೆಯ ಚುಕ್ಕಿಗಳು ಬಂದವು. ಆಕಾರ ಮಾತ್ರ ಬರಲಿಲ್ಲ. ಯಾಕೆಂದರೆ ಆ ಚುಕ್ಕಿಗಳಿಂದ ಎಕ್ಸ್-ರೇ ಅಲೆ ಎಷ್ಟು ಜೋರಾಗಿತ್ತು ಅನ್ನುವುದು ತಿಳಿಯುತ್ತದೆ, ಅದರ ಏರಿಳಿತ ಎಲ್ಲಿಂದ ಶುರುವಾಗಿತ್ತು ಅನ್ನುವುದು ತಿಳಿಯುವುದಿಲ್ಲ. ಇದಕ್ಕೆ ಫೇಸ್ ಸಮಸ್ಯೆ ಅನ್ನುತ್ತಾರೆ. ಅದನ್ನು ದಾಟಲು ಹೋಲುವ ಇನ್ನೊಂದು ಪ್ರೋಟೀನಿನ ರಚನೆ ಗೊತ್ತಿದ್ದರೆ ಸಾಕು. ನನ್ನ ಕಿಣ್ವಕ್ಕೆ ಅಂಥ ಹತ್ತಿರದ ನೆಂಟರು ಯಾರೂ ಇರಲಿಲ್ಲ. ಡೇಟಾ ಹಾರ್ಡ್ ಡಿಸ್ಕಿನಲ್ಲಿ ಸುಮ್ನೆ ಕೂತಿತ್ತು.

2021ರ ಜುಲೈನಲ್ಲಿ ಆಲ್ಫಾಫೋಲ್ಡ್ 2ರ ಕೋಡ್ ಎಲ್ಲರಿಗೂ ಸಿಕ್ಕಿತು. ನಮ್ಮ ಕಿಣ್ವವನ್ನು ಕಟ್ಟಿರುವ ಮಣಿಗಳಾದ ಅಮೈನೋ ಆಮ್ಲಗಳ ಸಾಲನ್ನು ಕೊಟ್ಟೆವು, ಅದೊಂದು ಮಾದರಿ ಕೊಟ್ಟಿತು. ಅದನ್ನೇ ನೆಂಟರ ಜಾಗದಲ್ಲಿ ಇಟ್ಟೆವು. ಒಂದು ಮಧ್ಯಾಹ್ನದಲ್ಲಿ ರಚನೆ ಬಿಡಿಸಿಕೊಂಡಿತು. ಖುಷಿಯಾಯಿತು ನಿಜ. ಆ ಎರಡು ವರ್ಷ ನೆನೆಸಿಕೊಂಡು ಸ್ವಲ್ಪ ಹೊಟ್ಟೆ ಉರಿಯಿತು ಅನ್ನುವುದೂ ನಿಜ.

ಈಗ ಕೈಕೊಟ್ಟ ಕಥೆ. ಈ ಕಿಣ್ವದ ಬಾಯಲ್ಲಿ ಒಂದು ಸಣ್ಣ ಕುಣಿಕೆ ಇದೆ, ಡಬ್ಬಿಯ ಮುಚ್ಚಳದ ಹಾಗೆ. ಆಲ್ಫಾಫೋಲ್ಡ್ ಅದನ್ನು ತೆರೆದ ಹಾಗೆ ತೋರಿಸಿತ್ತು, ಅದೂ ಪೂರ್ತಿ ನಂಬಿಕೆಯ ಕಡುನೀಲಿ ಬಣ್ಣದಲ್ಲಿ. ನಮ್ಮ ಹರಳಿನಲ್ಲಿ ಕಿಣ್ವದ ಜೊತೆ ಸಕ್ಕರೆಯ ಅಣು ಕೂತಿತ್ತು, ಮುಚ್ಚಳ ಮುಚ್ಚಿತ್ತು. ನಮ್ಮ ಪ್ರಶ್ನೆ ಇದ್ದದ್ದೇ ಆ ಮುಚ್ಚಳದ ಬಗ್ಗೆ! ಮಾದರಿ ತಪ್ಪು ಅನ್ನಲಾರೆ, ಖಾಲಿ ಕಿಣ್ವ ಹಾಗೂ ಇರಬಹುದು. ಆದರೆ ಅದು ಕೊಟ್ಟದ್ದು ಒಂದೇ ಒಂದು ಫೋಟೋ, ಕೆಲಸ ಮಾಡುವಾಗಿನದಲ್ಲ.

ಈ ಚಲನೆ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಕೊರೊನಾ ಲಸಿಕೆಯನ್ನೇ ನೋಡಿ. ವೈರಸ್ಸಿನ ಮೈಮೇಲೆ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನ್, ವೈರಸ್ ಜೀವಕೋಶದೊಳಗೆ ನುಗ್ಗುವಾಗ ಪೂರ್ತಿ ಬೇರೆ ಆಕಾರಕ್ಕೆ ತಿರುಗುತ್ತದೆ. ಲಸಿಕೆಗೆ ಬೇಕಾದದ್ದು ನುಗ್ಗುವ ಮೊದಲಿನ ಆಕಾರ. ಎರಡು ಜಾಗದಲ್ಲಿ ಪ್ರೋಲಿನ್ ಎಂಬ ಬಿಗಿಯಾದ ಅಮೈನೋ ಆಮ್ಲ ಹಾಕಿದರೆ ಅದು ಅಲ್ಲೇ ನಿಲ್ಲುತ್ತದೆ ಅಂತ ಅದರ ನೆಂಟನಾದ ಮೆರ್ಸ್ ಎಂಬ ಇನ್ನೊಂದು ಕೊರೊನಾ ವೈರಸ್ಸಿನ ಕೆಲಸದಲ್ಲಿ ಮೊದಲೇ ಕಂಡುಕೊಂಡಿದ್ದರು. ಹಾಗಾಗಿ 2020ರ ಜನವರಿಯಲ್ಲಿ ಹೊಸ ವೈರಸ್ಸಿನ ಜೀನೋಮ್ ಹೊರಬಂದಾಗ, ಟೆಕ್ಸಾಸಿನ ಜೇಸನ್ ಮೆಕ್ಲೆಲನ್ ತಂಡದವರು ಫೆಬ್ರವರಿಯಲ್ಲೇ ಸ್ಪೈಕ್‌ನ ರಚನೆ ಪ್ರಕಟಿಸಿದರು. ಫೈಜರ್, ಮಾಡೆರ್ನಾ ಎರಡರಲ್ಲೂ ಆ ಎರಡು ಪ್ರೋಲಿನ್ ಇವೆ.

ಆ ರಚನೆಗೆ ಹರಳು ಬೇಕಾಗಲಿಲ್ಲ, ಕ್ರಯೋ-ಇಎಂ ಬಳಸಿದ್ದರು. ಪ್ರೋಟೀನ್ ಇರುವ ನೀರಿನ ತೆಳು ಪದರವನ್ನು ದ್ರವ ಈಥೇನಿನಲ್ಲಿ ಥಟ್ಟನೆ ಅದ್ದುತ್ತಾರೆ. ಮಂಜುಗಡ್ಡೆಯ ಹರಳು ಕಟ್ಟಲು ಸಮಯವೇ ಇರುವುದಿಲ್ಲ, ನೀರು ಗಾಜಿನಂತೆ ನಿಲ್ಲುತ್ತದೆ. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಲಕ್ಷಗಟ್ಟಲೆ ಕಣಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಗುಂಪು ಮಾಡುತ್ತಾರೆ. ತೆರೆದದ್ದು ಒಂದು ಗುಂಪು, ಮುಚ್ಚಿದ್ದು ಇನ್ನೊಂದು. 2017ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂತು. ಇದನ್ನು ಕಲಿಯಲು ವಿದೇಶಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರವೇ ಇದೆ.

ಆಲ್ಫಾಫೋಲ್ಡ್ ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ. ಅದು ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿದ್ದ ರಚನೆಗಳಿಂದ. 1971ರಲ್ಲಿ ಆ ಬ್ಯಾಂಕ್ ಶುರುವಾದಾಗ ಅಲ್ಲಿದ್ದದ್ದು 7 ರಚನೆ, ಈಗ 2 ಲಕ್ಷಕ್ಕೂ ಜಾಸ್ತಿ. ಒಂದೊಂದರ ಹಿಂದೆಯೂ ನನ್ನಂತೆ ಹನಿ ನೋಡುತ್ತಾ ಕೂತವರು ಇದ್ದಾರೆ. ಮಾದರಿ ಸರಿಯಿದೆಯಾ ಅಂತ ನೋಡಲು ಇವತ್ತಿಗೂ ನಾವು ಮೊದಲು ತೆರೆಯುವುದು ರಾಮಚಂದ್ರನ್ ನಕ್ಷೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಡಚಬಹುದು, ಎಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಅನ್ನುವ ಲೆಕ್ಕ ಅದು. ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ್ದು. ಆಮೇಲೆ ಅವರು ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ಹಾಗಂತ ಏನೂ ಬದಲಾಗಿಲ್ಲ ಅಂತ ಸುಳ್ಳು ಹೇಳುವುದಿಲ್ಲ. 2022ರಿಂದ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಮಾದರಿಗಳು ಪುಕ್ಕಟೆ ಸಿಗುತ್ತವೆ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಡಿಎನ್ಎ, ಆರ್‌ಎನ್ಎ, ಸಣ್ಣ ಅಣುಗಳ ಜೊತೆಗೂ ಲೆಕ್ಕ ಹಾಕುತ್ತದೆ. "ಇಂಥ ಪ್ರೋಟೀನಿನ ರಚನೆ ಕಂಡುಹಿಡಿಯುತ್ತೇನೆ" ಅನ್ನುವುದಷ್ಟೇ ಪಿಎಚ್.ಡಿ. ವಿಷಯವಾಗುತ್ತಿದ್ದ ಕಾಲ ಹೋಯಿತು. ಒಂದೇ ಸಾಧಾರಣ ಪ್ರೋಟೀನಿನ ಹರಳು ಬೆಳೆಸು ಅಂತ ಯಾವ ಗೈಡ್ ಆದರೂ ಹೇಳಿದರೆ ನಿಮ್ಮ ತಮ್ಮ ಅಲ್ಲಿಂದ ಎದ್ದು ಬರಲಿ. ಪ್ರೋಟೀನ್ ಯಾರ ಜೊತೆ ಸೇರುತ್ತದೆ, ಹೇಗೆ ಅಲುಗಾಡುತ್ತದೆ, ಅದರ ಸಾಲಿನಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ರೋಗ ಯಾಕೆ ಬರುತ್ತದೆ ಅಂತ ಕೇಳುವ ಲ್ಯಾಬ್ ಸಿಕ್ಕರೆ ಕೆಲಸಕ್ಕೆ ಬರವಿಲ್ಲ. ಪೈಥಾನ್ ಮಾತ್ರ ಈಗಲೇ ಕಲಿಯಲಿ.

ಈ ವಾರ ಒಂದು ಕೆಲಸ ಮಾಡಲಿ. ಇಷ್ಟದ ಪ್ರೋಟೀನ್ ಒಂದನ್ನು ಆಲ್ಫಾಫೋಲ್ಡ್ ಡೇಟಾಬೇಸಿನಲ್ಲಿ ತೆರೆಯಲಿ. ನೀಲಿ ಭಾಗ ಬಿಟ್ಟು ಕಿತ್ತಳೆ ಬಣ್ಣದ ಎಳೆಗಳನ್ನು ನೋಡಲಿ. ಅಲ್ಲಿ ಆಲ್ಫಾಫೋಲ್ಡಿಗೇ ತನ್ನ ಮೇಲೆ ನಂಬಿಕೆಯಿಲ್ಲ ಅಂತ ಅರ್ಥ. ಮನುಷ್ಯರ ಪ್ರೋಟೀನ್‌ಗಳನ್ನು 2021ರಲ್ಲಿ ಲೆಕ್ಕ ಹಾಕಿದಾಗ ಭರವಸೆಯಿಂದ ಹೇಳಲಾದದ್ದು 58% ಅಮೈನೋ ಆಮ್ಲಗಳ ಜಾಗ ಮಾತ್ರ. ಉಳಿದದ್ದರಲ್ಲಿ ಬಹಳಷ್ಟಕ್ಕೆ ಸ್ಥಿರ ಆಕಾರವೇ ಇಲ್ಲ, ಆದರೂ ಕೆಲಸ ಮಾಡುತ್ತವೆ. ಅವರು ಯಾವ ಪ್ರೋಟೀನ್ ತೆರೆದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನೂ ನೋಡಿ ಹೇಳುತ್ತೇನೆ.