ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುತ್ತೆ, ಬೆಂಗಳೂರು ಕಡೆಯವರಿಗೆ ಬರೀ ಇನಿಷಿಯಲ್ ಯಾಕೆ?

ಎರಡು ಸೀಮೆಗಳಲ್ಲಿ ಹೆಸರು ಬರೆಸುವ ರೂಢಿಯೇ ಬೇರೆ ಬೇರೆ, ಅದಕ್ಕೆ. 1956ರವರೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲಾ ಮುಂಬೈ ಆಡಳಿತದಲ್ಲಿದ್ದವು. ಅಲ್ಲಿ ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಮನೆತನದ್ದು. ಹಳೇ ಮೈಸೂರು ಸೀಮೆಯಲ್ಲಿ ಊರು ಮತ್ತು ಅಪ್ಪನ ಹೆಸರು ಮುಂದೆ ಬರುತ್ತಿದ್ದವು, ಬರೆಯುವಾಗ ಅವು ಒಂದೊಂದೇ ಅಕ್ಷರವಾಗಿ ಉಳಿದವು. ಕುವೆಂಪು ಅವರನ್ನೇ ನೋಡಿ: ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ಅವರ ಸ್ವಂತ ಹೆಸರು.

ಉತ್ತರದಲ್ಲಿ ಮನೆತನದ ಹೆಸರು ಗಟ್ಟಿಯಾಗಿ ನಿಂತಿದ್ದಕ್ಕೆ ಇನ್ನೊಂದು ಕಾರಣ, ಊರಿನ ಕೆಲಸಗಳು ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಪಾಟೀಲರದ್ದು ಊರಗೌಡಿಕೆ, ಕುಲಕರ್ಣಿಯವರದ್ದು ಲೆಕ್ಕಪತ್ರ. ಆ ಕೆಲಸ ಹೋಗಿ ಎಷ್ಟೋ ಕಾಲವಾದರೂ ಹೆಸರು ಹೋಗಲಿಲ್ಲ. ಅಂಗಡಿ, ಬೆಲ್ಲದ, ಹಿರೇಮಠ, ಮೆಣಸಿನಕಾಯಿ, ಉಳ್ಳಾಗಡ್ಡಿ ಇಂಥವು ಕೇಳಿ ಸುಮ್ನೆ ನಗಬೇಡಿ, ಎಷ್ಟು ಚೆಂದದ ಹೆಸರುಗಳು ಅಲ್ವಾ!

ನಮ್ಮ ಇನಿಷಿಯಲ್‌ನಲ್ಲೂ ಚರಿತ್ರೆ ಕಡಿಮೆಯೇನಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಆದರೆ ಅವರ ಎಂ. ಅಂದರೆ ಮೋಕ್ಷಗುಂಡಂ, ಹಿಂದೆ ಅವರ ಹಿರಿಯರು ಬಿಟ್ಟು ಬಂದ ಆಂಧ್ರದ ಊರು.

ಇದರಿಂದ ಈಗ ತೊಡಕಾಗುವುದು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ. ಸರ್‌ನೇಮ್ ಅಂತ ಕೇಳಿದ ಕಡೆ ಬೆಂಗಳೂರಿನವರು ಜಾಸ್ತಿ ಅಪ್ಪನ ಹೆಸರು ಬರೆಯುತ್ತಾರೆ, ಅಪ್ಪ ತನ್ನದರಲ್ಲಿ ತಾತನ ಹೆಸರು ಬರೆದಿರುತ್ತಾರೆ, ಹಾಗಾಗಿ ಒಂದೇ ಮನೆಯ ಅಪ್ಪ ಮಗನಿಗೂ ಬೇರೆ ಬೇರೆ ಸರ್‌ನೇಮ್ ಇರುತ್ತೆ.