ಪೀಪಿ ಊದಿದರೆ ‘ರ’ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಬಾಯಿ, ನಾಲಿಗೆ, ಮುಖದ ವ್ಯಾಯಾಮದ ಬಗ್ಗೆ ಕೇಳಿದವರೇ ಜಾಸ್ತಿ. ಐದು ಪತ್ರ ಆರಿಸಿಕೊಂಡಿದ್ದೇನೆ. ನಾನು ವಾಕ್ ಚಿಕಿತ್ಸಕಿ. ಮಾತು, ನುಂಗುವುದು, ಬಾಯಿ ಆಡಿಸುವುದು ನನ್ನ ದಿನನಿತ್ಯದ ಕೆಲಸ. ಔಷಧಿಯ ಮಾತು ಬಂದ ಕಡೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ‘ರೊಟ್ಟಿ’ಗೆ ‘ಲೊಟ್ಟಿ’, ‘ಕಾರು’ಗೆ ‘ಕಾಲು’ ಅಂತಾನೆ. ಉಳಿದ ಮಾತೆಲ್ಲ ಚೆನ್ನಾಗಿದೆ. ಎಂಟು ತಿಂಗಳಿಂದ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಪೀಪಿ ಊದಿಸುತ್ತಾರೆ, ಸೋಪಿನ ಗುಳ್ಳೆ ಬಿಡಿಸುತ್ತಾರೆ, ತುಟಿಗೆ ಜೇನು ಹಚ್ಚಿ ನೆಕ್ಕಿಸುತ್ತಾರೆ. ‘ರ’ ಮಾತ್ರ ಬಂದಿಲ್ಲ. ಬಜೆ ತೇಯ್ದು ನಾಲಿಗೆಗೆ ತಿಕ್ಕು ಅಂತ ಅತ್ತೆ ಹೇಳುತ್ತಿದ್ದಾರೆ. — ತಾಯಿ, ಶಿವಮೊಗ್ಗ

ಉತ್ತರ: ಮೊದಲು ಸಮಾಧಾನದ ಮಾತು. ಮಕ್ಕಳಿಗೆ ಪ, ಬ, ಮ ಬೇಗ ಬರುತ್ತವೆ. ‘ರ’ ತಡವಾಗಿ ಬರುವ ಅಕ್ಷರಗಳಲ್ಲಿ ಒಂದು. ನಾಲ್ಕೂವರೆಗೆ ‘ರ’ ಬದಲು ‘ಲ’ ಅನ್ನುವ ಮಕ್ಕಳು ಬೇಕಾದಷ್ಟಿದ್ದಾರೆ.

ಈಗ ಪೀಪಿಯ ವಿಷಯ. ನಾಲಿಗೆಗೆ ಶಕ್ತಿ ಸಾಲದು, ಅದಕ್ಕೇ ಅಕ್ಷರ ತಿರುಗುವುದಿಲ್ಲ ಅನ್ನುವ ನಂಬಿಕೆ ಇದರ ಹಿಂದಿದೆ. ಆದರೆ ಮಾತಾಡುವುದಕ್ಕೆ ನಾಲಿಗೆ ತನ್ನ ಪೂರ್ತಿ ಶಕ್ತಿಯಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಬಳಸುತ್ತದೆ. ನಿಮ್ಮ ಮಗ ಚಕ್ಕುಲಿ ಅಗಿಯುತ್ತಾನೆ, ದವಡೆ ಸಂದಿಗೆ ಸಿಕ್ಕಿದ ಚೂರನ್ನು ನಾಲಿಗೆಯಲ್ಲೇ ಹುಡುಕಿ ತೆಗೆಯುತ್ತಾನೆ, ಅಲ್ವಾ? ಹಾಗಿದ್ದರೆ ಆ ನಾಲಿಗೆಗೆ ಶಕ್ತಿಯ ಕೊರತೆ ಇಲ್ಲ.

‘ಲ’ ಮತ್ತು ‘ರ’ ಎರಡನ್ನೂ ಒಮ್ಮೆ ನೀವೇ ಹೇಳಿ ನೋಡಿ. ನಾಲಿಗೆ ತುದಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ, ಮೇಲಿನ ಹಲ್ಲಿನ ಹಿಂದಿನ ವಸಡಿಗೆ ಹೋಗುತ್ತದೆ. ‘ಲ’ದಲ್ಲಿ ಅದು ಅಲ್ಲೇ ಒತ್ತಿಕೊಂಡಿರುತ್ತದೆ, ಉಸಿರು ಪಕ್ಕದಿಂದ ಹೊರಗೆ ಬರುತ್ತದೆ. ‘ರ’ದಲ್ಲಿ ತಟ್ಟನೆ ತಾಗಿ ತಟ್ಟನೆ ಬಿಡುತ್ತದೆ. ನಿಮ್ಮ ಮಗ ಕಲಿಯಬೇಕಾಗಿರುವುದು ಆ ಒಂದು ತಟ್ಟು. ಪೀಪಿ ಊದುವಾಗ ನಾಲಿಗೆ ಆ ಕೆಲಸ ಮಾಡುವುದೇ ಇಲ್ಲ. ಎಷ್ಟು ಊದಿದರೂ ಪೀಪಿ ಊದುವುದೇ ಚೆನ್ನಾಗಿ ಬರುತ್ತದೆ.

ನಿಮ್ಮ ಥೆರಪಿಸ್ಟ್ ಒಬ್ಬರದೇ ತಪ್ಪು ಅಂತ ಹೇಳಲಾರೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಶೇಕಡಾ 85ರಷ್ಟು ವಾಕ್ ಚಿಕಿತ್ಸಕರು ಇಂಥ ವ್ಯಾಯಾಮ ಮಾಡಿಸುತ್ತೇವೆ ಅಂದಿದ್ದರು. ಇದರಿಂದ ಮಾತು ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನೂ ಕೆಲಸ ಶುರುಮಾಡಿದ ವರ್ಷಗಳಲ್ಲಿ ಮಕ್ಕಳ ಕೈಗೆ ಪೀಪಿ ಕೊಟ್ಟಿದ್ದೇನೆ. ಮಕ್ಕಳು ಖುಷಿಯಾಗಿ ಬರುತ್ತಿದ್ದರು, ತಾಯಂದಿರಿಗೂ ಏನೋ ನಡೆಯುತ್ತಿದೆ ಅನ್ನಿಸುತ್ತಿತ್ತು. ಆ ಮಕ್ಕಳ ತಿಂಗಳುಗಳು ಸುಮ್ನೆ ಹೋದವು ಅನ್ನುವುದು ಈಗಲೂ ನನ್ನನ್ನು ಕಾಡುತ್ತದೆ.

ಹಾಗಾದರೆ ಏನು ಮಾಡಿಸಬೇಕು? ಕಿವಿಯಿಂದ ಶುರುಮಾಡಿ. ಕಾರಿನ ಚಿತ್ರ, ಕಾಲಿನ ಚಿತ್ರ ಎರಡನ್ನೂ ಎದುರಿಗಿಡಿ. ನೀವು ಒಂದು ಹೆಸರು ಹೇಳಿ, ಅವನು ಬೆರಳಿಟ್ಟು ತೋರಿಸಲಿ. ಹಾಲು–ಹಾರು, ಇಲಿ–ಇರಿ ಕೂಡ ಆಗುತ್ತದೆ. ಅದು ತಪ್ಪಿಲ್ಲದೆ ಬಂದ ಮೇಲೆ ನಾಲಿಗೆ. ‘ಅಡ, ಅಡ, ಅಡ’ ಅಂತ ಮೆಲ್ಲಗೆ ಹೇಳಿಸಿ, ಆಮೇಲೆ ಬೇಗ ಬೇಗ ಹೇಳಿಸಿ. ಹಗುರವಾಗಿ, ವೇಗವಾಗಿ ಹೇಳಿದಾಗ ಕೆಲವು ಮಕ್ಕಳಲ್ಲಿ ‘ಡ’ ತಾನಾಗೇ ‘ರ’ದ ಹತ್ತಿರ ಜಾರುತ್ತದೆ. ಆ ಕ್ಷಣ ಹಿಡಿದುಕೊಳ್ಳಿ. ‘ಹಾಂ, ಇದೇ!’ ಅನ್ನಿ. ಆಮೇಲೆ ‘ಅರ’, ‘ಇರು’, ‘ಮರ’. ಪದದ ಮೊದಲಿಗೇ ಬರುವ ‘ರೊಟ್ಟಿ’, ‘ರವೆ’ ಕೊನೆಗಿರಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಊಟದ ಹೊತ್ತಿನಲ್ಲಿ ತಿದ್ದಬೇಡಿ. ನೆಂಟರ ಮುಂದೆ ‘ಎಲ್ಲಿ, ರೊಟ್ಟಿ ಅನ್ನು’ ಅಂತ ಖಂಡಿತ ಹೇಳಿಸಬೇಡಿ.

ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ನೆಗಡಿ, ಕಿವಿನೋವು ಇದ್ದರಂತೂ ತಪ್ಪಿಸಬೇಡಿ. ‘ಲ’, ‘ತ’, ‘ದ’ ಸ್ಪಷ್ಟವಾಗಿ ಬರುತ್ತಿದ್ದರೆ ನಾಲಿಗೆಯ ಕೆಳಗಿನ ದಾರ ಕತ್ತರಿಸುವ ಮಾತಿಗೆ ಅವಸರ ಬೇಡ. ಬಜೆಯ ವಿಷಯದಲ್ಲಿ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ: ಮಾತನ್ನು ಕಲಿಯುವುದು ಕಿವಿ ಮತ್ತು ಮಿದುಳು, ನಾಲಿಗೆಯ ತೊಗಲು ಉರಿದರೆ ಅದು ಬರುವುದಿಲ್ಲ. ಅವರ ಕಾಳಜಿ ದೊಡ್ಡದು. ಕಾರು–ಕಾಲು ಆಟವನ್ನು ಅವರ ಕೈಗೇ ಕೊಡಿ. ಅಜ್ಜಿ ಆಡಿಸಿದಷ್ಟು ತಾಳ್ಮೆಯಿಂದ ನಾವು ಯಾರೂ ಆಡಿಸುವುದಿಲ್ಲ.

ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಸಂಸ್ಥೆ. ಕನ್ನಡ ಮಾತಾಡುವ ಮಕ್ಕಳಿಗೆ ಕನ್ನಡದಲ್ಲೇ ಪರೀಕ್ಷೆ ನಡೆಯುತ್ತದೆ.

ಪ್ರಶ್ನೆ: ವಯಸ್ಸು 41. ಹತ್ತು ದಿನದ ಹಿಂದೆ ಬೆಳಗ್ಗೆ ಎದ್ದಾಗ ಮುಖದ ಬಲಭಾಗ ಸೊಟ್ಟಗಾಗಿತ್ತು. ರಾತ್ರಿ ಬಸ್ಸಿನ ಕಿಟಕಿ ಗಾಳಿ ಹೊಡೆದದ್ದು ಅಂತ ಎಲ್ಲರೂ ಅಂದರು. ಡಾಕ್ಟರ್ ಬೆಲ್ಸ್ ಪಾಲ್ಸಿ ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ದಿನಾ ಬಲೂನ್ ಊದುತ್ತೇನೆ, ಜೋರಾಗಿ ಚೂಯಿಂಗ್ ಗಮ್ ಅಗಿಯುತ್ತೇನೆ. ಇನ್ನೂ ಜಾಸ್ತಿ ಮಾಡಬೇಕೇ? — ದಾವಣಗೆರೆ ಓದುಗರು

ಉತ್ತರ: ಇಲ್ಲ. ಬಲೂನನ್ನು ಇವತ್ತೇ ಬದಿಗಿಡಿ.

ಮುಖವನ್ನು ಆಡಿಸುವ ನರ ಕಿವಿಯ ಹಿಂದಿನ ಮೂಳೆಯೊಳಗೆ ಒಂದು ಕಿರಿದಾದ ಕೊಳವೆಯಲ್ಲಿ ಹಾದುಬರುತ್ತದೆ. ಅದು ಊದಿಕೊಂಡಾಗ ಆ ಇಕ್ಕಟ್ಟಿನಲ್ಲಿ ಒತ್ತಿಹೋಗುತ್ತದೆ. ಮುಖದ ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ. ಅವಕ್ಕೆ ಸುದ್ದಿ ತಲುಪುತ್ತಿಲ್ಲ, ಅಷ್ಟೆ. ತಂತಿ ಕಡಿದಾಗ ಬಲ್ಬನ್ನು ಎಷ್ಟು ತಿರುಗಿಸಿದರೂ ಬೆಳಕು ಬರುವುದಿಲ್ಲವಲ್ಲ, ಹಾಗೆ.

ಒಳ್ಳೆಯ ಸುದ್ದಿಯೂ ಇದೆ. ಚಿಕಿತ್ಸೆ ಇಲ್ಲದೆಯೂ ಹತ್ತರಲ್ಲಿ ಏಳು ಜನಕ್ಕೆ ಇದು ಪೂರ್ತಿ ವಾಸಿಯಾಗುತ್ತದೆ. 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಇನ್ನೂ ಹೆಚ್ಚು ಜನ ಗುಣವಾಗುತ್ತಾರೆ. ಅದಕ್ಕೇ ಓದುಗರಿಗೆಲ್ಲ ಒಂದು ಮಾತು: ಮುಖ ಸೊಟ್ಟಗಾದರೆ ಎಣ್ಣೆ ಹಚ್ಚಿ, ತಾಯತ ಕಟ್ಟಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಕೈ ಅಥವಾ ಕಾಲಿನ ಶಕ್ತಿ ಹೋದರೆ, ಮಾತು ತೊದಲಿದರೆ, ಅಥವಾ ಬಾಯಿ ಸೊಟ್ಟಗಾಗಿದ್ದರೂ ಹಣೆಯಲ್ಲಿ ಎರಡೂ ಕಡೆ ಸುಕ್ಕು ಸರಿಯಾಗಿ ಬರುತ್ತಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ಒಂದೊಂದು ನಿಮಿಷವೂ ಮುಖ್ಯ.

ಈಗ ನಿಮ್ಮ ದೊಡ್ಡ ಕೆಲಸ ಕಣ್ಣು ಕಾಯುವುದು. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ ಗಾಯವಾಗುತ್ತದೆ. ಹಗಲು ಡಾಕ್ಟರ್ ಹೇಳಿದ ಹನಿ ಹಾಕಿ. ರಾತ್ರಿ ರೆಪ್ಪೆ ಮುಚ್ಚಿ ಮೆತ್ತನೆಯ ಟೇಪ್ ಅಂಟಿಸಿ, ಅದರ ವಿಧಾನವನ್ನು ಆಸ್ಪತ್ರೆಯಲ್ಲೇ ಕಲಿತುಕೊಳ್ಳಿ. ಹೊರಗೆ ಹೋಗುವಾಗ ಕನ್ನಡಕ ಇರಲಿ.

ವ್ಯಾಯಾಮ ಮೆಲ್ಲಗೆ, ಚಿಕ್ಕದಾಗಿ ಇರಬೇಕು. ಜೋರು ಮಾಡಿದಾಗ ಸರಿ ಇರುವ ಎಡಭಾಗವೇ ಎಲ್ಲವನ್ನೂ ಎಳೆದುಕೊಂಡುಬಿಡುತ್ತದೆ. ನರ ಮತ್ತೆ ಬೆಳೆಯುವಾಗ ಕೆಲವರಲ್ಲಿ ಎಳೆಗಳು ತಪ್ಪು ಸ್ನಾಯುವಿಗೆ ಹೋಗಿ ಕೂಡಿಕೊಳ್ಳುತ್ತವೆ. ನಕ್ಕರೆ ಕಣ್ಣು ಮುಚ್ಚಿಕೊಳ್ಳುವುದು, ಕಣ್ಣು ಮುಚ್ಚಿದರೆ ತುಟಿ ಎಳೆಯುವುದು ಹೀಗೇ ಆಗುತ್ತದೆ. ಬಲವಂತದ ವ್ಯಾಯಾಮದಿಂದ ಆ ತಪ್ಪು ಅಭ್ಯಾಸ ಗಟ್ಟಿಯಾಗುವ ಭಯ ಇದೆ. ಮುಖಕ್ಕೆ ಕರೆಂಟ್ ಕೊಡಿಸುವುದನ್ನೂ ನಾನು ಸಲಹೆ ಮಾಡುವುದಿಲ್ಲ.

ಈಗ ಬೆರಳಿನಿಂದ ಕೆನ್ನೆ, ಹಣೆ, ತುಟಿಯ ಸುತ್ತ ಹಗುರವಾಗಿ ತೀಡಿ. ಅಲ್ಲಲ್ಲಿ ಅಲುಗಾಟ ಕಾಣಿಸತೊಡಗಿದ ಮೇಲೆ ಕನ್ನಡಿ ಮುಂದೆ ಕುಳಿತುಕೊಳ್ಳಿ. ಹುಬ್ಬು ಸ್ವಲ್ಪ ಎತ್ತುವುದು, ಮೂಗು ಸ್ವಲ್ಪ ಸುಕ್ಕಿಸುವುದು, ಹಲ್ಲು ಕಾಣದಷ್ಟು ಸಣ್ಣ ನಗು. ಬಲಗಡೆ ಎಷ್ಟು ಬರುತ್ತದೋ ಎಡಗಡೆಯೂ ಅಷ್ಟಕ್ಕೇ ನಿಲ್ಲಬೇಕು. ಒಂದೊಂದನ್ನು ಐದಾರು ಸಲ, ದಿನಕ್ಕೆ ಎರಡು ಹೊತ್ತು ಮಾಡಿದರೆ ಸಾಕು. ಮೂರು ತಿಂಗಳಾದರೂ ಏನೂ ಅಲುಗಾಡದಿದ್ದರೆ ನರರೋಗ ತಜ್ಞರನ್ನು ಮತ್ತೆ ಕಾಣಿ. ಸಕ್ಕರೆ ಕಾಯಿಲೆ ಇದೆಯೇ ಅಂತ ಪರೀಕ್ಷೆ ಆಗಿದೆಯಾ? ಆಗಿಲ್ಲದಿದ್ದರೆ ಮಾಡಿಸಿ.

ಪ್ರಶ್ನೆ: ಮಗಳಿಗೆ ಒಂದು ವರ್ಷ ಮೂರು ತಿಂಗಳು. ಜೊಲ್ಲು ಸುರಿಯುತ್ತಲೇ ಇರುತ್ತದೆ. ಯಾವ ವ್ಯಾಯಾಮ ಮಾಡಿಸಲಿ? — ಹಾಸನ

ಉತ್ತರ: ಯಾವುದೂ ಬೇಡ. ಈ ವಯಸ್ಸಿಗೆ ಜೊಲ್ಲು ಸಹಜ, ಹಲ್ಲು ಬರುವಾಗ ಇನ್ನೂ ಜಾಸ್ತಿ. ಎರಡು ವರ್ಷದ ಹೊತ್ತಿಗೆ ಬಹಳ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಸದಾ ಬಾಯಿ ತೆರೆದೇ ಉಸಿರಾಡಿದರೆ, ಗೊರಕೆ ಹೊಡೆದರೆ, ಅಗಿಯಲು ಕಷ್ಟಪಟ್ಟರೆ ಅಥವಾ ನಾಲ್ಕು ವರ್ಷ ದಾಟಿದರೂ ನಿಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹದಿನೈದು ವರ್ಷದಿಂದ ಎಲೆ ಅಡಿಕೆ, ಆಮೇಲೆ ಗುಟ್ಕಾ ಅಭ್ಯಾಸ. ಈಗ ಬಾಯಿ ಪೂರ್ತಿ ತೆರೆಯುವುದಿಲ್ಲ, ಖಾರ ತಿಂದರೆ ಉರಿ. ಬಾಯಿ ತೆರೆಯುವ ವ್ಯಾಯಾಮ ಇದೆಯಂತೆ. — ಶಿರಸಿ ಕಡೆಯ ಓದುಗರು

ಉತ್ತರ: ವ್ಯಾಯಾಮ ಇದೆ, ಹೇಳುತ್ತೇನೆ. ಅದಕ್ಕೆ ಮೊದಲು ಈ ವಾರವೇ ದಂತ ವೈದ್ಯರಿಗೆ ಬಾಯಿ ತೋರಿಸಿ. ನೀವು ಹೇಳಿದ ಲಕ್ಷಣ ಕೇಳಿದರೆ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುವ ಕಾಯಿಲೆ ಅನ್ನಿಸುತ್ತದೆ. ಇದಕ್ಕೆ ಮುಖ್ಯ ಕಾರಣ ಅಡಿಕೆ. ತಂಬಾಕು ಇಲ್ಲದ ಅಡಿಕೆಯಿಂದಲೂ ಬರುತ್ತದೆ. ಇದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆಯೇ ಜೀವನ ಆಗಿರುವ ಸೀಮೆಯಲ್ಲಿ ಈ ಮಾತು ಹೇಳುವುದು ಸುಲಭ ಅಲ್ಲ, ನನಗೆ ಗೊತ್ತು. ಆದರೂ ಮುಚ್ಚಿಡಲಾರೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಜಗಿಯುವುದನ್ನು ನಿಲ್ಲಿಸದೆ ವ್ಯಾಯಾಮ ಮಾಡಿದರೆ ಒಂದು ಕಡೆ ಬಿಚ್ಚಿದ್ದು ಇನ್ನೊಂದು ಕಡೆ ಬಿಗಿಯುತ್ತದೆ.

ಮನೆಯಲ್ಲೇ ಅಳೆದು ನೋಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಂತು ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ಸ್ಕೇಲಿನಲ್ಲಿ 35 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬಾಯಿ ಬಿಗಿದಿದೆ ಅಂತಲೇ ಲೆಕ್ಕ. ವೈದ್ಯರು ಒಪ್ಪಿದ ಮೇಲೆ ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಡಿ. ಎಳೆತ ಗೊತ್ತಾಗಬೇಕು, ನೋವಾಗಬಾರದು. 30 ಸೆಕೆಂಡು ಹಿಡಿದು ಬಿಡಿ. ಹೀಗೆ 5 ಸಲ, ದಿನಕ್ಕೆ 5 ಹೊತ್ತು. ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಸೇರಿಸಿ. ಇಲ್ಲಿ ಬೇಕಾಗಿರುವುದು ಎಳೆತ. ಮುಖದ ಬೇರೆ ಯಾವ ಕಸರತ್ತೂ ಇದಕ್ಕೆ ಆಗುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಆದವರಿಗೂ ಇದೇ ರೀತಿ ಎಳೆತ ಬೇಕಾಗುತ್ತದೆ. ಅವರು ಶುರುಮಾಡುವ ದಿನವನ್ನು ಆಸ್ಪತ್ರೆಯವರೇ ಹೇಳಬೇಕು.

ಪ್ರಶ್ನೆ: ಅಪ್ಪನಿಗೆ ಪಾರ್ಶ್ವವಾಯು ಆಗಿ ಎರಡು ತಿಂಗಳು. ನೀರು ಕುಡಿದರೆ ಕೆಮ್ಮುತ್ತಾರೆ. ಮುದ್ದೆ ಬೇಕು ಅಂತ ಹಟ ಮಾಡುತ್ತಾರೆ. ಗಂಟಲಿಗೆ ವ್ಯಾಯಾಮ ಹೇಳಿ. — ಮಗಳು, ಮಂಡ್ಯ

ಉತ್ತರ: ಕೆಮ್ಮು ಅಂದರೆ ನೀರು ಗಾಳಿಕೊಳವೆಯ ಕಡೆ ಜಾರುತ್ತಿದೆ ಅಂತ. ನೀರು ಎಲ್ಲಕ್ಕಿಂತ ಬೇಗ ಹರಿಯುತ್ತದೆ, ನಿಧಾನವಾದ ಗಂಟಲು ಬಾಗಿಲು ಹಾಕುವಷ್ಟರಲ್ಲಿ ಒಳಗೆ ಹೋಗಿರುತ್ತದೆ. ಕೆಲವರಲ್ಲಿ ಕೆಮ್ಮೂ ಬರದೆ ಜಾರಿ ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ಮೊದಲು ನುಂಗುವ ಪರೀಕ್ಷೆ ಆಗಲಿ. ಎಕ್ಸ್‌ರೇ ವಿಡಿಯೋ ಅಥವಾ ಮೂಗಿನ ಮೂಲಕ ಬಿಡುವ ಸಣ್ಣ ಕ್ಯಾಮೆರಾದಲ್ಲಿ ಎಲ್ಲಿ ತೊಂದರೆ ಅನ್ನುವುದು ಕಾಣುತ್ತದೆ. ವ್ಯಾಯಾಮ ಅದರ ಮೇಲೆ ನಿಲ್ಲುತ್ತದೆ.

ಗಂಟಲಿನ ಮುಂಭಾಗವನ್ನು ಮೇಲೆತ್ತುವ ಸ್ನಾಯುಗಳಿಗೆ ಒಂದು ಒಳ್ಳೆಯ ವ್ಯಾಯಾಮ ಇದೆ. ಗದ್ದದ ಕೆಳಗೆ ಮೆತ್ತನೆಯ ಚೆಂಡು ಅಥವಾ ಸುತ್ತಿದ ಟವೆಲ್ ಇಟ್ಟು ಗದ್ದದಿಂದ ಒತ್ತಿ ಹಿಡಿಯುವುದು. ಕುತ್ತಿಗೆ ನೋವಿದ್ದರೆ ಬೇಡ. ಇನ್ನೊಂದು, ಗಟ್ಟಿಯಾಗಿ ಒತ್ತಿ ನುಂಗುವುದು. ನುಂಗುವುದಕ್ಕೆ ನುಂಗುವುದೇ ದೊಡ್ಡ ವ್ಯಾಯಾಮ, ಆದರೆ ಸುರಕ್ಷಿತವಾದದ್ದನ್ನು ನುಂಗಬೇಕು.

ಮುದ್ದೆಯ ವಿಷಯಕ್ಕೆ ಬಂದರೆ ನನ್ನ ಮನಸ್ಸೂ ಕರಗುತ್ತದೆ. ಮಂಡ್ಯದವರಿಗೆ ಮುದ್ದೆ ಬಿಡಿ ಅನ್ನುವುದು ಊಟವನ್ನೇ ಬಿಡಿ ಅಂದಂತೆ. ಆದರೆ ಮುದ್ದೆಯನ್ನು ಅಗಿಯದೆ ಇಡಿಯಾಗಿ ಜಾರಿಸುತ್ತೇವೆ, ಅದೇ ಈಗ ಅಪಾಯ. ತಿಳಿಸಾರು ಕಲಸಿದ ಅನ್ನವೂ ಕಷ್ಟ. ಅಗುಳು ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಹರಿದಿರುತ್ತದೆ. ಮಂಡಕ್ಕಿ, ಒಣ ಅವಲಕ್ಕಿ ಬೇಡ. ಪರೀಕ್ಷೆ ಮಾಡಿದವರು ಒಪ್ಪಿದರೆ ಅದೇ ರಾಗಿಯನ್ನು ಗಂಟಿಲ್ಲದೆ, ಚಮಚದಿಂದ ಮೆಲ್ಲಗೆ ಇಳಿಯುವಷ್ಟು ಮಂದವಾಗಿ ಕಾಸಿ. ಸೊಪ್ಪಿನ ಸಾರನ್ನು ರುಬ್ಬಿ ಅದರೊಳಗೇ ಬೆರೆಸಿ. ಅಪ್ಪನನ್ನು ನೇರವಾಗಿ ಕೂರಿಸಿ, ಸಣ್ಣ ಚಮಚದಲ್ಲಿ ಕೊಡಿ. ಒಂದು ತುತ್ತು ಇಳಿಯಿತು ಅಂತ ಖಾತ್ರಿಯಾದ ಮೇಲೆ ಮುಂದಿನದು. ಟಿವಿ ಆರಿಸಿ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಸೋತ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯಾ ಅಂತ ನೋಡಿ, ಬಾಯಿಯನ್ನು ಚೆನ್ನಾಗಿ ಒರೆಸಿ.